ಎರಡು ಸೀಟು, ಒಂದೇ ಕಿಸೆ

ಪ್ರತಿವರ್ಷ ಸಿ.ಇ.ಟಿ. ಫಲಿತಾಂಶ ಹೊರಬಿದ್ದ ಕೂಡಲೇ ದೊಡ್ಡ ಪತ್ರಿಕೆಗಳಲ್ಲಿ ಒಂದು ಬಗೆಯ ಉಪದೇಶ ಪ್ರಾರಂಭವಾಗುತ್ತದೆ. ಎರಡು ಒಳ್ಳೆಯ ಕಾಲೇಜುಗಳಲ್ಲಿ ಸೀಟು ಸಿಕ್ಕ ವಿದ್ಯಾರ್ಥಿ ಆತುರಪಡಬಾರದಂತೆ, ಪ್ರಯೋಗಾಲಯ ನೋಡಬೇಕಂತೆ, ಅಧ್ಯಾಪಕರ ಯೋಗ್ಯತೆ ವಿಚಾರಿಸಬೇಕಂತೆ, ನೌಕರಿ ಕೊಡಲು ಬರುವ ಕಂಪನಿಗಳ ಪಟ್ಟಿ ತರಿಸಿಕೊಂಡು, ಕೊನೆಗೆ ತನ್ನ ಮನಸ್ಸಿನ ಒಲವನ್ನು ಕೇಳಿ ನಿರ್ಧರಿಸಬೇಕಂತೆ. ಉಪದೇಶವೇನೋ ಸರಿಯೇ. ಆದರೆ ಆ ಪಟ್ಟಿಯಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಅದು ಅಪ್ಪನ ಕಿಸೆ.

ನಾವು ಹೇಳುವುದಿಷ್ಟೆ: ಇಂದಿನ ವ್ಯವಸ್ಥೆಯಲ್ಲಿ ರ‍್ಯಾಂಕು ಗಳಿಸುವವರು ಮಕ್ಕಳು, ಕಾಲೇಜನ್ನು ಆರಿಸುವುದು ಹಣ. ಇದಕ್ಕೆ 'ಪ್ರತಿಭೆಯ ಸ್ವತಂತ್ರ ಆಯ್ಕೆ' ಎಂದು ಹೆಸರಿಟ್ಟು ಜನರನ್ನು ನಂಬಿಸುವುದು ಶುದ್ಧ ವಂಚನೆ.

ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಒಂದೇ ಬೆಂಚಿನ ಮೇಲೆ ಮೂವರು ಕುಳಿತಿದ್ದಾರೆನ್ನಿ. ಒಬ್ಬನು ಸಿ.ಇ.ಟಿ. ಮೂಲಕ ಸರಕಾರಿ ಕೋಟಾದಲ್ಲಿ ಬಂದವನು. ಇನ್ನೊಬ್ಬನು ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್-ಕೆ ನಡೆಸುವ ಪರೀಕ್ಷೆ ಬರೆದು ಬಂದವನು. ಮೂರನೆಯವನು ಆಡಳಿತ ಮಂಡಳಿಯ ಕೋಟಾದವನು. ಪಾಠ ಒಂದೇ, ಪರೀಕ್ಷೆ ಒಂದೇ, ಪದವಿಯೂ ಒಂದೇ. ದರ ಮಾತ್ರ ಮೂರು. ಚೌಕಿಪೇಟೆಯ ಅಂಗಡಿಯವನು ಒಂದೇ ಥಾನಿನ ಬಟ್ಟೆಯನ್ನು ಮೂವರು ಗಿರಾಕಿಗಳಿಗೆ ಮೂರು ದರದಲ್ಲಿ ಕತ್ತರಿಸಿ ಕೊಟ್ಟರೆ ಊರು ಸುಮ್ಮನಿರುತ್ತದೆಯೇ? ಇಲ್ಲಿ ಅದೇ ಕೆಲಸಕ್ಕೆ ಸರಕಾರದ ಮೊಹರು ಬೀಳುತ್ತದೆ.

ಈಗ ಕೆಲಸಗಾರನ ಮನೆಗೆ ಬನ್ನಿ. ಹುಡುಗನಿಗೆ ಬೆಂಗಳೂರಿನ ಹೆಸರಾಂತ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ಸಿಕ್ಕಿದೆ. ಸರಕಾರಿ ಕಾಲೇಜಿನಲ್ಲಿ ಸಿವಿಲ್ ವಿಭಾಗ ಸಿಕ್ಕಿದೆ. ಎರಡೂ ಸುಲಭವಾಗಿ ಸಿಗುವ ಸೀಟುಗಳಲ್ಲ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಲೆಕ್ಕ ಹಾಕುತ್ತಾರೆ: ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್ಲು, ಊಟ, ಹೋಗಿ ಬರುವ ಖರ್ಚು, ಒಂದು ಲ್ಯಾಪ್‌ಟಾಪು. ಬ್ಯಾಂಕಿನಲ್ಲಿ ಸಾಲವಿದೆ ನಿಜ. ಮೊತ್ತ ಏರಿದಂತೆಲ್ಲ ಆಸ್ತಿಯ ಆಧಾರ ಕೇಳುತ್ತಾರೆ. ಬಾಡಿಗೆ ಮನೆಯವನು ಯಾವ ಆಸ್ತಿ ತೋರಿಸಬೇಕು? ಬೆಳಗಾಗುವ ಹೊತ್ತಿಗೆ ಆಯ್ಕೆ ಮುಗಿದಿರುತ್ತದೆ. ಹುಡುಗನ ಒಲವನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಅದನ್ನು ನಮ್ಮ ಓದುಗರ ಮುಂದೆ ಮುಚ್ಚಿಡುವುದು ಸಲ್ಲದು. ಮಗನಾದರೆ ಸಾಲ ಮಾಡಿ ಬೆಂಗಳೂರಿಗೆ ಕಳಿಸುವ ಮನೆಗಳೇ, ಮಗಳಾದರೆ ಹೆಚ್ಚಿನ ರ‍್ಯಾಂಕು ಬಂದಿದ್ದರೂ ಹತ್ತಿರದ ಕಾಲೇಜು ಸಾಕು ಎನ್ನುತ್ತವೆ. ಇರುವ ಅಷ್ಟಿಷ್ಟು ಹಣ ಯಾರ ಪಾಲಿಗೆ ಎಂಬ ಪ್ರಶ್ನೆ ಬಂದಾಗ ಮೊದಲು ಸೋಲುವವಳು ಅವಳೇ. ಮಾಲೀಕನ ಅನ್ಯಾಯವನ್ನು ಎದುರಿಸುವ ಕೆಲಸಗಾರ ತನ್ನ ಮನೆಯೊಳಗೆ ಈ ಅನ್ಯಾಯವನ್ನು ನಡೆಯಗೊಡಬಾರದು.

ಕಾಲೇಜುಗಳ ಪರವಾಗಿ ಮಾತನಾಡುವವರು, ಬಡವರಿಗೆಂದು ಪ್ರತಿ ವಿಭಾಗದಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿವೆ, ಅವುಗಳಿಗೆ ಬೋಧನಾ ಶುಲ್ಕವೇ ಇಲ್ಲ ಎನ್ನುತ್ತಾರೆ. ಇದು ನಿಜ. ಎಸ್.ಎನ್.ಕ್ಯೂ. ಎಂಬ ಈ ಸೀಟುಗಳ ವಿಷಯ ಗೊತ್ತಿಲ್ಲದ ಓದುಗರು ತಿಳಿದುಕೊಂಡು, ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಲಿ. ಆದರೆ ನೂರಕ್ಕೆ ಐದು ಎಂಬುದು ನ್ಯಾಯವಲ್ಲ. ಅದು ಜಾತ್ರೆಯಲ್ಲಿ ಹಂಚುವ ಪ್ರಸಾದ.

ಹಣವಿದ್ದವರು ಇದೇ ಆಯ್ಕೆಯನ್ನು ಹೇಗೆ ಬಳಸುತ್ತಾರೆ ನೋಡಿ. ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರವು ಅಭ್ಯರ್ಥಿಯ ಮುಂದೆ ನಾಲ್ಕು ದಾರಿಗಳನ್ನಿಡುತ್ತದೆ. ಸಿಕ್ಕಿದ್ದಕ್ಕೆ ಒಪ್ಪಿ ಸೇರುವುದು ಮೊದಲನೆಯದು. ಸಿಕ್ಕಿದ್ದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವುದು ಎರಡನೆಯದು. ಇದು ಬೇಡವೆಂದು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಪೂರ್ತಿ ಹೊರಬರುವುದು ನಾಲ್ಕನೆಯದು. ಕಾಮೆಡ್-ಕೆ ಹಂಚಿಕೆ ಇದಕ್ಕೆ ಸಂಬಂಧವಿಲ್ಲದೆ ಬೇರೆಯಾಗಿ ನಡೆಯುತ್ತದೆ. ಎರಡು ಕಡೆಯೂ ಹಣ ಕಟ್ಟಬಲ್ಲವನು ಎರಡು ಸೀಟನ್ನೂ ಹಿಡಿದುಕೊಂಡು ನಿಶ್ಚಿಂತೆಯಿಂದ ಕೂರಬಹುದು. ಒಂದೇ ಕಡೆ ಕಟ್ಟಲು ಶಕ್ತಿಯಿರುವವನು ಮೊದಲು ತೆರೆದ ಬಾಗಿಲಲ್ಲೇ ನುಗ್ಗಬೇಕು.

ಕಾಯುವವನು ಕೊನೆಯ ಸುತ್ತಿನ ತರುವಾಯ ಒಂದು ಸೀಟನ್ನು ಬಿಟ್ಟನೆನ್ನಿ. ಆ ಸೀಟು ನಂತರದ ರ‍್ಯಾಂಕಿನ ಬಡ ಹುಡುಗಿಗೆ ಹೋಗುತ್ತದೆಯೇ? ಇಲ್ಲ. ಭರ್ತಿಯಾಗದೆ ಉಳಿದ ಸರಕಾರಿ ಕೋಟಾದ ಸೀಟು ಕಾಲೇಜಿನ ಆಡಳಿತ ಮಂಡಳಿಯ ಕೈಗೆ ಮರಳುತ್ತದೆ. ಅಲ್ಲಿ ಅದರ ಬೆಲೆ ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ವ್ಯಾಪಾರ ಬಲ್ಲ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಸೇರುವ ಇಚ್ಛೆಯೇ ಇಲ್ಲದವರ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಹಿಡಿಸಿ, ಕೊನೆಗೆ ಬಿಡಿಸುವ ದಲ್ಲಾಳಿ ದಂಧೆ ಹುಟ್ಟಿದ್ದು ಇಲ್ಲಿಯೇ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಈ ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ ಹಲವರನ್ನು ಬಂಧಿಸಿದರು. ಅವರಲ್ಲಿ ಪ್ರಾಧಿಕಾರದ ನೌಕರನೂ ಒಬ್ಬನಿದ್ದನು. ದಲ್ಲಾಳಿಗಳನ್ನು ಹಿಡಿದದ್ದು ಒಳ್ಳೆಯದೇ. ಆದರೆ ಬಿಟ್ಟ ಸೀಟು ಮಾಲೀಕನಿಗೆ ಸೇರಬೇಕೆಂಬ ನಿಯಮವನ್ನು ಯಾರೂ ಬಂಧಿಸಲಿಲ್ಲ.

ಈ ಸ್ಥಿತಿ ಆಕಾಶದಿಂದ ಬಿದ್ದದ್ದಲ್ಲ. 1984ರಲ್ಲಿ ನಮ್ಮ ರಾಜ್ಯವೇ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಶಾಸನ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂತಹ ವಸೂಲಿ ಸಂವಿಧಾನಕ್ಕೆ ವಿರುದ್ಧವೆಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಕಡಿಮೆ ಶುಲ್ಕದಲ್ಲಿ ಪ್ರತಿಭೆಗೆ ಮೀಸಲಿಟ್ಟಿತು. 1994ರಲ್ಲಿ ಸಿ.ಇ.ಟಿ. ಬಂದಿತು, ಸಣ್ಣ ಊರಿನ ಮಕ್ಕಳು ದೊಡ್ಡ ಕಾಲೇಜುಗಳ ಮೆಟ್ಟಿಲು ಹತ್ತಿದರು. ಆಮೇಲೆ ಗಾಳಿ ತಿರುಗಿತು. 2002ರ ಟಿ.ಎಂ.ಎ. ಪೈ ತೀರ್ಪು ಆ ಯೋಜನೆಯನ್ನು ಕಿತ್ತುಹಾಕಿತು. 2005ರ ಇನಾಂದಾರ್ ತೀರ್ಪು, ಅನುದಾನ ಪಡೆಯದ ಕಾಲೇಜುಗಳಲ್ಲಿ ಸರಕಾರ ಬಲವಂತದಿಂದ ಸೀಟು ಪಡೆಯುವಂತಿಲ್ಲವೆಂದಿತು. ಅಂದಿನಿಂದ ಸೀಟು ಎಷ್ಟು, ಶುಲ್ಕವೆಷ್ಟು ಎಂಬುದು ಮಂತ್ರಿಗಳೂ ಮಾಲೀಕರೂ ಮೇಜಿನ ಸುತ್ತ ಕುಳಿತು ಮಾಡಿಕೊಳ್ಳುವ ಒಪ್ಪಂದದ ಮಾತಾಗಿದೆ. ಆ ಮೇಜಿನ ಬಳಿ ವಿದ್ಯಾರ್ಥಿಗೂ ಅವನ ತಂದೆತಾಯಿಗೂ ಕುರ್ಚಿಯಿಲ್ಲ.

ವಿದ್ಯಾರ್ಥಿಗಳೇ ಖಾಸಗಿ ಕಾಲೇಜನ್ನು ಬಯಸುತ್ತಾರಲ್ಲ, ಅದು ಉತ್ತಮವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ ಎಂದು ಕೆಲವರು ಕೇಳಬಹುದು. ಕೇಂದ್ರ ಸರಕಾರ 2016ರಿಂದ ಪ್ರಕಟಿಸುತ್ತಿರುವ ಎನ್.ಐ.ಆರ್.ಎಫ್. ಶ್ರೇಯಾಂಕವನ್ನೂ ತೋರಿಸಬಹುದು. ಆ ಶ್ರೇಯಾಂಕಕ್ಕೆ ಬೇಕಾದ ಅಂಕಿಅಂಶಗಳನ್ನು ಬಹುಮಟ್ಟಿಗೆ ಕಾಲೇಜುಗಳೇ ಒದಗಿಸುತ್ತವೆ. ಅದರ ಐದು ಅಳತೆಗಳಲ್ಲಿ ಒಂದು, ಸಂಸ್ಥೆಗೆ ಇರುವ ಹೆಸರು. ಹೆಸರಿದ್ದವನಿಗೆ ಮತ್ತಷ್ಟು ಹೆಸರು! ಕೆಲವು ಖಾಸಗಿ ಕಾಲೇಜುಗಳಲ್ಲಿ ಒಳ್ಳೆಯ ಪ್ರಯೋಗಾಲಯಗಳಿವೆ, ಒಳ್ಳೆಯ ಅಧ್ಯಾಪಕರಿದ್ದಾರೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸರಕಾರಿ ಕಾಲೇಜಿನ ಖಾಲಿ ಹುದ್ದೆಗಳನ್ನು ತುಂಬದೆ, ಅತಿಥಿ ಉಪನ್ಯಾಸಕರಿಂದ ಪಾಠದ ಶಾಸ್ತ್ರ ಮುಗಿಸಿ, ತರುವಾಯ ವಿದ್ಯಾರ್ಥಿಗಳು ಇತ್ತ ಬರುತ್ತಿಲ್ಲವೆಂದು ಸರಕಾರವೇ ಗೋಳಿಟ್ಟರೆ, ಅದು ನೀರು ಹಾಕದೆ ಗಿಡ ಒಣಗಿತೆಂದು ಅತ್ತಂತೆ.

ದೂರದ ಮಾತು ಬೇಡ. 1951ರಲ್ಲಿ ಆರಂಭವಾಗಿ, ದಾನಿಯ ಹೆಸರನ್ನು ಹೊತ್ತಿರುವ ನಮ್ಮ ದಾವಣಗೆರೆಯ ಬಿ.ಡಿ.ಟಿ. ಕಾಲೇಜನ್ನೇ ನೋಡಿ. ಮಧ್ಯ ಕರ್ನಾಟಕದ ಎಷ್ಟೋ ಬಡ ಮನೆಗಳ ಮೊದಲ ಎಂಜಿನಿಯರು ಹೊರಬಂದದ್ದು ಅಲ್ಲಿಂದ. ಇಂದು ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. 2024ರಲ್ಲಿ ಅಂತಹ ಸಾರ್ವಜನಿಕ ಕಾಲೇಜಿನ ಅರ್ಧದಷ್ಟು ಸೀಟುಗಳನ್ನೇ ಪೇಮೆಂಟ್ ಸೀಟುಗಳನ್ನಾಗಿ ಮಾಡಿದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಬೆಂಗಳೂರಿನ ದುಬಾರಿ ಸೀಟು ಕೈಗೆಟುಕದೆ ಮನೆಯ ಹತ್ತಿರದ ಸರಕಾರಿ ಬಾಗಿಲಿಗೆ ಬಂದವನಿಗೆ ಆ ಬಾಗಿಲಲ್ಲೂ ಸುಂಕದ ಕಟ್ಟೆ! ಎರಡು ಕಾಲೇಜುಗಳ ನಡುವೆ ಆರಿಸುವ ಮಾತು ಹಾಗಿರಲಿ, ಒಂದನ್ನೂ ಉಳಿಸದ ಹುನ್ನಾರವಿದು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ರಾಜ್ಯದ ಎಲ್ಲ ಎಂಜಿನಿಯರಿಂಗ್ ಸೀಟುಗಳನ್ನು ಒಂದೇ ಪರೀಕ್ಷೆ, ಒಂದೇ ಪಟ್ಟಿಯ ಮೂಲಕ ಹಂಚಬೇಕು. ಒಂದೇ ತರಗತಿಗೆ ಒಂದೇ ಶುಲ್ಕವಿರಬೇಕು. ಕಟ್ಟಲಾರದವರ ಶುಲ್ಕವನ್ನು ಸರಕಾರ ಭರಿಸಬೇಕು. ಯಾರು ಬಿಟ್ಟ ಸೀಟೇ ಆಗಲಿ, ಮುಂದಿನ ರ‍್ಯಾಂಕಿನವರಿಗೆ ಹೋಗಬೇಕೇ ಹೊರತು ಆಡಳಿತ ಮಂಡಳಿಗಲ್ಲ. ಬಿಟ್ಟ ಸೀಟುಗಳ ಪಟ್ಟಿಯನ್ನು ಕಾಲೇಜುವಾರು ಪ್ರಕಟಿಸಬೇಕು. ಸರಕಾರಿ ಕಾಲೇಜುಗಳ ಹುದ್ದೆಗಳನ್ನು ಖಾಯಂ ಅಧ್ಯಾಪಕರಿಂದ ತುಂಬಬೇಕು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲುಗಳನ್ನು ಕಟ್ಟಬೇಕು. ಬಿ.ಡಿ.ಟಿ. ಕಾಲೇಜಿನಲ್ಲಿ ಒಂದು ಸೀಟೂ ಮಾರಾಟಕ್ಕಿರಬಾರದು.

ಕಾನೂನು ಅಡ್ಡಬರುತ್ತದೆ ಎಂದು ಮಂತ್ರಿಗಳು ಹೇಳುವರು. ಸಂವಿಧಾನವನ್ನು ಬೇಕಾದಾಗ ತಿದ್ದಿದವರು, ಬೇಡವಾದಾಗ ಕಾನೂನಿನ ಮರೆಯಲ್ಲಿ ನಿಲ್ಲುವುದನ್ನು ನಾವು ಬಹಳ ಕಂಡಿದ್ದೇವೆ. ಗಿರಣಿಯ ಸಂಘಗಳು ಕೂಲಿ, ಬೋನಸ್ಸಿನ ಜೊತೆಗೆ ಈ ಬೇಡಿಕೆಗಳನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಲಿ. ವರ್ತಕ ಬಂಧುಗಳು ಮತ ಕೇಳಲು ಬಂದವರನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಲಿ: ನನ್ನ ಮಗಳು ಬಿಡಬೇಕಾಗಿ ಬಂದ ಸೀಟು ಈಗ ಯಾರ ಕೈಯಲ್ಲಿದೆ, ಎಷ್ಟಕ್ಕೆ ಮಾರಾಟವಾಯಿತು?