ಪಹಣಿಯಲ್ಲಿ ಹೆಸರಿಲ್ಲದ ರೈತ ಮಹಿಳೆ

ಬೆಂಗಳೂರು: ನಾಟಿಗೆ, ಕಳೆ ತೆಗೆಯಲು, ಹತ್ತಿ ಬಿಡಿಸಲು ಮಹಿಳೆ ಬೇಕು. ಬೆಳೆಸಾಲದ ಅರ್ಜಿಗೆ ಸಹಿ ಹಾಕುವ ಹೊತ್ತಿಗೆ ಮಾತ್ರ ಆಕೆ ರೈತಳಲ್ಲ, ರೈತನ ಹೆಂಡತಿ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರದ್ದು ಸುಮಾರು ಶೇ 14 ಮಾತ್ರ. ವಿಸ್ತೀರ್ಣದ ಲೆಕ್ಕದಲ್ಲಿ ಈ ಪಾಲು ಇನ್ನೂ ಕಡಿಮೆ.

ಕಾನೂನು ಇಲ್ಲವೆಂದಲ್ಲ. ಈ ವಿಷಯದಲ್ಲಿ ಕರ್ನಾಟಕವು ಕೇಂದ್ರಕ್ಕಿಂತ ಮುಂದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ರಾಜ್ಯದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರು ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಆದರೂ ಪಹಣಿ ಏಕೆ ಬದಲಾಗಲಿಲ್ಲ? ಉತ್ತರ ತಾಲ್ಲೂಕು ಕಚೇರಿಗಿಂತ ತವರುಮನೆಯ ಪಡಸಾಲೆಯಲ್ಲಿದೆ. ತಂದೆ ತೀರಿಕೊಂಡ ಮೇಲೆ ಸಹೋದರಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದು ಹಳ್ಳಿಗಳಲ್ಲಿ ಇಂದಿಗೂ ವಾಡಿಕೆ. ಪ್ರತಿಯಾಗಿ ದೊರೆಯುವುದು ಅರಿಶಿನ ಕುಂಕುಮದ ಹೆಸರಿನಲ್ಲಿ ಸೀರೆ, ಒಂದಿಷ್ಟು ಹಣ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು, ಗೌರಿ ಹಬ್ಬಕ್ಕೆ ಕರೆ ಬಾರದೆ ಹೋದೀತು ಎಂಬ ಅಳುಕು. ಅತ್ತ ಗಂಡನ ಮನೆಯ ಜಮೀನು ಮಾವನ ಹೆಸರಿನಲ್ಲಿ. ಹೀಗೆ ಎರಡು ಮನೆಯ ಹೊಲದಲ್ಲಿ ದುಡಿದವಳಿಗೆ ಎರಡೂ ಕಡೆ ದಾಖಲೆಯಿಲ್ಲ.

ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಪಹಣಿ ಇಲ್ಲದವಳಿಗೆ ಅದರಿಂದ ಆದ ಲಾಭ ಶೂನ್ಯ.

ನಾಯಕತ್ವದ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. 2010ರ ತಿದ್ದುಪಡಿಯ ಬಳಿಕ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಲ್ಲಿ ಸ್ಪರ್ಧಿಸಲು ಜಮೀನು ಬೇಕಿಲ್ಲ. ಸಾಲ ಹಂಚುವ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮಾತ್ರ ಸದಸ್ಯತ್ವದಿಂದಲೇ ಪಹಣಿಯ ಮಾತು ಆರಂಭವಾಗುತ್ತದೆ. ಸದಸ್ಯಳೇ ಆಗದವಳು ಅಧ್ಯಕ್ಷೆಯಾಗುವುದೆಂತು? ಹಾಲು ಉತ್ಪಾದಕರ ಸಂಘಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಅರ್ಹತೆ ಹಾಲು ಹಾಕುವುದು, ಭೂಮಿ ಹೊಂದಿರುವುದಲ್ಲ. ಮಹಿಳೆಯರೇ ನಡೆಸುವ ಇಂಥ ಸಂಘಗಳು ರಾಜ್ಯದಲ್ಲಿ ಸಾಕಷ್ಟಿವೆ. ಸಾಮರ್ಥ್ಯವಿಲ್ಲವೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ 2012ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. ಜಮೀನು ಯಾರ ಹೆಸರಿನಲ್ಲೇ ಇರಲಿ, ದುಡಿಯುವ ಮಹಿಳೆಗೆ ಗ್ರಾಮಸಭೆಯ ಒಪ್ಪಿಗೆಯೊಂದಿಗೆ ರೈತಳೆಂಬ ಪ್ರಮಾಣಪತ್ರ ನೀಡಬೇಕೆಂಬುದು ಅದರ ತಿರುಳು. ಮಸೂದೆ ಮರುವರ್ಷವೇ ಬಿದ್ದುಹೋಯಿತು. 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯರ ವರ್ಷವೆಂದು ಘೋಷಿಸಿರುವುದರಿಂದ ಸಮಾರಂಭಗಳಿಗೇನೂ ಕೊರತೆಯಾಗದು. ಕೃಷಿಯು ರಾಜ್ಯಪಟ್ಟಿಯ ವಿಷಯ. ಆ ಪ್ರಮಾಣಪತ್ರವನ್ನು ಕರ್ನಾಟಕವೇ ಕೊಡಲು ಹೊರಟರೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಿಲ್ಲ.