ಬಿತ್ತದೇ ಬಿಟ್ಟ ಮೋಡ

ಮಳೆ ಕೈಕೊಟ್ಟ ವರ್ಷ ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ಗುರ್ಜಿ ಆಡ್ತಾರೆ. ತಲೆ ಮೇಲೆ ರೊಟ್ಟಿ ಹಂಚು, ಅದರ ಮೇಲೆ ಸಗಣಿಯ ಗುರ್ಜಿ, ಮನೆಮನೆಯವರು ಸುರಿಯೋ ನೀರು. ಎಲ್ಲೋ ಒಂದು ಕಪ್ಪೆ ಮದುವೆ, ಇನ್ನೆಲ್ಲೋ ಕತ್ತೆ ಮದುವೆ. ಇದನ್ನ ನೋಡಿ ನಗೋದು ನನ್ನಂಥ ಇಂಜಿನಿಯರುಗಳಿಗೆ ಬಲು ಸುಲಭ. "ಸೈನ್ಸ್ ಓದಿಲ್ಲ ಬಿಡ್ರೀ" ಅಂದರೆ ಮುಗೀತು. ನನ್ನ ತಕರಾರು ಇರೋದು ಹೀಗೆ ನಗೋರ ಬಗ್ಗೆ.

2017ನ್ನೇ ತಗೊಳ್ಳಿ. ಜೂನಿನಲ್ಲಿ ರಾಜ್ಯದ ಜಲಸಂಪನ್ಮೂಲ ಸಚಿವರು ತಲಕಾವೇರಿಯಲ್ಲಿ ಪರ್ಜನ್ಯ ಹೋಮ ಮಾಡಿಸಿದರು. ಆಗಸ್ಟ್ 21ಕ್ಕೆ ಅದೇ ಸರ್ಕಾರ ಜಕ್ಕೂರಿನಿಂದ 'ವರ್ಷಧಾರೆ' ಅಂತ ಮೋಡ ಬಿತ್ತನೆಯ ವಿಮಾನ ಹಾರಿಸಿತು. ಅದರ ಮೂರು ರೇಡಾರುಗಳಲ್ಲಿ ಒಂದು ನಮ್ಮ ಗದಗಿನಲ್ಲೇ ಇತ್ತು. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ. ಹಾಸ್ಟೆಲಿನಲ್ಲಿ ಹೋಮಕ್ಕೆ ಜೋಕು, ವಿಮಾನಕ್ಕೆ ಚಪ್ಪಾಳೆ. (ನಮ್ಮಲ್ಲಿ ಹೆಸರು ಬಿಡಿಸೋ ಹೊತ್ತಿಗೆ ವಿಮಾನ ಮೇಲೆದ್ದಿತು ಅನ್ನೋದು ಬೇರೆ ಮಾತು.) ಆಮೇಲೆ ಸರ್ಕಾರ, ಮಳೆ ಸುಮಾರು ಶೇ 28 ಹೆಚ್ಚಾಯ್ತು ಅಂತು. ಯಾವುದಕ್ಕಿಂತ ಹೆಚ್ಚು? ಚಪ್ಪಾಳೆ ತಟ್ಟಿದವರಲ್ಲಿ ಇದನ್ನ ಕೇಳಿದವರನ್ನ ನಾನು ನೋಡಲಿಲ್ಲ.

ಯೋಚನೆ ಮಾಡಿ. ರೇಡಾರಿನಲ್ಲಿ ಹುಡುಕೋದೇ ನೀರು ತುಂಬಿದ ದಟ್ಟ ಮೋಡವನ್ನ. ತಣ್ಣಗಿನ ಮೋಡಕ್ಕೆ ಸಿಲ್ವರ್ ಅಯೋಡೈಡ್, ಬೆಚ್ಚಗಿನದಕ್ಕೆ ಉಪ್ಪಿನ ಹೊಗೆ. ಮಳೆ ಬಂತು ಅಂತಿಟ್ಟುಕೊಳ್ಳಿ. ಅಂಥ ಮೋಡ ಸುಮ್ನೆ ಬಿಟ್ಟಿದ್ದರೂ ಸುರೀತಿತ್ತೋ ಏನೋ? ಗುರ್ಜಿ ಆಡೋದೂ ಮಳೆಗಾಲದಲ್ಲೇ, ಹೋಮ ಮಾಡಿಸಿದ್ದೂ ಜೂನಿನಲ್ಲೇ. ಇವತ್ತಲ್ಲ ನಾಳೆ ಬಂದೇ ಬರ್ತದೆ. "ಮಾಡಿದ್ವಿ, ಬಂತು" ಅನ್ನೋದಷ್ಟೇ ಲೆಕ್ಕವಾದರೆ, ಹೊಗೆ ಹೋಮಕುಂಡದಿಂದ ಎದ್ದರೇನು, ವಿಮಾನದ ರೆಕ್ಕೆಯಿಂದ ಬಂದರೇನು?

ಸರಿಯಾಗಿ ಲೆಕ್ಕ ಹಾಕಿದವರು ದೂರ ಇಲ್ಲ, ವಿಜಯಪುರ ದಾಟಿದರೆ ಸಿಗೋ ಸೊಲ್ಲಾಪುರದಲ್ಲಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲದಲ್ಲಿ ಅಲ್ಲಿ 276 ಮೋಡಗಳನ್ನ ಆರಿಸಿಕೊಂಡರು. ಎಲ್ಲವೂ ಬಿತ್ತೋಕೆ ತಕ್ಕವೇ. ಆದರೆ ಯಾವುದನ್ನ ಬಿತ್ತಬೇಕು, ಯಾವುದನ್ನ ಬಿಡಬೇಕು ಅನ್ನೋದನ್ನ ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ, ಎರಡೂ ಗುಂಪಿನ ಮಳೆ ಅಳೆದರು. 2023ರಲ್ಲಿ ಪ್ರಕಟವಾದ ಫಲಿತಾಂಶ: ಬಿತ್ತಿದ ಕಡೆ ಸುಮಾರು ಶೇ 18 ಹೆಚ್ಚು. ಇಸ್ರೇಲಿನವರು 2013ರಿಂದ 2020ರವರೆಗೆ ಇದೇ ಥರ ಬಿತ್ತಿ, ಬಿಟ್ಟು ನೋಡಿದರು. ಸಿಕ್ಕಿದ್ದು ಶೇ 1.8, ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ದಶಕಗಳಿಂದ ನಡೆಸಿಕೊಂಡು ಬಂದಿದ್ದ ಬಿತ್ತನೆಯನ್ನೇ ನಿಲ್ಲಿಸಿಬಿಟ್ಟರು! ಒಬ್ಬರಿಗೆ ಹೌದು ಅಂತ ಬಂತು, ಇನ್ನೊಬ್ಬರಿಗೆ ಇಲ್ಲ ಅಂತ. ನನ್ನ ಲೆಕ್ಕದಲ್ಲಿ ಇಬ್ಬರದೂ ವಿಜ್ಞಾನವೇ, ಯಾಕೆಂದರೆ ಇಬ್ಬರೂ ಒಂದಷ್ಟು ಮೋಡಗಳನ್ನ ಬೇಕಂತಲೇ ಬಿತ್ತದೇ ಬಿಟ್ಟಿದ್ದರು.

ನಮಗೆ ಪಿಯುಸಿಯಲ್ಲಿ ಹೇಳಿಕೊಟ್ಟದ್ದು ಸಿಲ್ವರ್ ಅಯೋಡೈಡಿನ ಬಣ್ಣ ಹಳದಿ ಅಂತ. ಪ್ರಾಕ್ಟಿಕಲ್ಲಿನಲ್ಲಿ ಉತ್ತರ ಮೊದಲೇ ಗೊತ್ತಿರ್ತದೆ, ರೀಡಿಂಗು ಅದಕ್ಕೆ ಹೊಂದಬೇಕು ಅಷ್ಟೇ. ಇಂಜಿನಿಯರಿಂಗಿನ ನಾಲ್ಕು ವರ್ಷವೂ ಅದೇ ಹಾಡು. ಹೋಲಿಸೋಕೆ ಏನನ್ನ ಸುಮ್ನೆ ಬಿಡಬೇಕು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಅದನ್ನ ಕಲಿತದ್ದು ನೌಕರಿಯಲ್ಲಿ. ಒಂದು ಬಟನ್ನಿನ ಬಣ್ಣ ಬದಲಿಸೋಕೂ ಅರ್ಧ ಜನರಿಗೆ ಹಳೇದನ್ನೇ ತೋರಿಸಿ ಹೋಲಿಸ್ತೀವಿ. ಬಟನ್ನಿಗೆ ಇರೋ ಮರ್ಯಾದೆ ಮುಂಡರಗಿ ರೈತನ ಮಳೆಗೆ ಇಲ್ಲ ನೋಡಿ.

ಆ ರೈತನಾದರೂ ಹೊಸ ಬೀಜ ಬಂದರೆ ನಾಲ್ಕು ಸಾಲು ಹಾಕಿ, ಪಕ್ಕದಲ್ಲಿ ಹಳೇದೂ ಹಾಕಿ ನೋಡ್ತಾನೆ. ಶಾಲೆಯಲ್ಲೂ ಇಷ್ಟು ಸಾಕು. ಎಂಟನೇ ಕ್ಲಾಸಿನ ಹುಡುಗರಿಂದ ಇಪ್ಪತ್ತು ಮಡಿ ಹೆಸರು ಬಿತ್ತಿಸಿ. ಚೀಟಿ ಎತ್ತಿ ಹತ್ತಕ್ಕೆ ಗೊಬ್ಬರ ಹಾಕಲಿ, ಹತ್ತನ್ನ ಬಿಡಲಿ, ಕಾಯಿ ಎಣಿಸಲಿ. ವ್ಯತ್ಯಾಸ ಕಾಣದಿದ್ದರೆ "ಕಾಣಲಿಲ್ಲ" ಅಂತ ಬರೆದವರಿಗೂ ಪೂರ್ತಿ ಮಾರ್ಕ್ಸು ಕೊಡಿ. ನಮ್ಮ ನಾಲ್ಕು ಊರಿನ ಮಾಸ್ತರು ಯಾರಾದರೂ ಇದನ್ನ ಓದ್ತಿದ್ದರೆ ತಿಳಿಸ್ರಿ, ಮೃಗಶಿರಾ ಮಳೆಗೆ ಮುಂಚೆ ಬೀಜ ನಾನು ತಂದುಕೊಡ್ತೀನಿ.