‘ಖಚಿತವೇ?’ ಎಂದು ಕೇಳಿ ಕೈತೊಳೆದುಕೊಳ್ಳುವ ಪರದೆಗಳು

2018ರ ಜನವರಿ 13, ಶನಿವಾರ. ಬೆಳಿಗ್ಗೆ 8.07ಕ್ಕೆ ಅಮೆರಿಕದ ಹವಾಯಿ ದ್ವೀಪಗಳಲ್ಲಿ ಮೊಬೈಲುಗಳು ಒಮ್ಮೆಲೇ ಅರಚಿಕೊಂಡವು. ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಣಕು ಕಾರ್ಯಾಚರಣೆ ಅಲ್ಲ ಎಂಬ ಸಂದೇಶ. ಯಾವ ಕ್ಷಿಪಣಿಯೂ ಇರಲಿಲ್ಲ. ಹಾಗೆಂದು ಅದೇ ಮೊಬೈಲುಗಳಿಗೆ ತಿಳಿಸಲು 38 ನಿಮಿಷ ಹಿಡಿಯಿತು.

ಪಾಳಿ ಬದಲಾಗುವ ಹೊತ್ತಿನ ಅಣಕು ಕಾರ್ಯಾಚರಣೆಯಲ್ಲಿ ನೌಕರನೊಬ್ಬ ಮೆನುವಿನ ತಪ್ಪು ಸಾಲನ್ನು ಒತ್ತಿದ ಎಂಬ ವಿವರಣೆ ಮೊದಲು ಬಂತು. ಆ ಮೆನುವಿನದೆಂದು ಒಂದು ಚಿತ್ರವೂ ಹರಿದಾಡಿತು. ಪರೀಕ್ಷಾ ಸಂದೇಶ, ನಿಜವಾದ ಎಚ್ಚರಿಕೆ ಎಲ್ಲವೂ ಒಂದೇ ಪಟ್ಟಿಯಲ್ಲಿ, ಒಂದೇ ಬಗೆಯ ಅಕ್ಷರದಲ್ಲಿ. ಪರದೆಗಳ ವಿನ್ಯಾಸಕರಿಗೆ ಹಬ್ಬವೋ ಹಬ್ಬ. ಜೇಕಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ 1990ರಲ್ಲಿ ಮುಂದಿಟ್ಟ, 1994ರಲ್ಲಿ ನೀಲ್ಸನ್ ಪರಿಷ್ಕರಿಸಿದ ಹತ್ತು ಸೂತ್ರಗಳು ಈ ಕ್ಷೇತ್ರದ ಬಾಲಪಾಠ. ವ್ಯವಸ್ಥೆಯ ಸ್ಥಿತಿ ಕಣ್ಣಿಗೆ ಕಾಣಬೇಕು, ತಪ್ಪು ಆಗದಂತೆ ತಡೆಯಬೇಕು, ತಪ್ಪಾದರೆ ಹಿಂದೆ ಸರಿಯಲು ದಾರಿ ಇರಬೇಕು ಇತ್ಯಾದಿ. ಅವನ್ನು ಹಿಡಿದು ಎಲ್ಲರೂ ಆ ಪರದೆಗೆ ಅಂಕ ಕೊಟ್ಟರು. ಎಲ್ಲ ಸೂತ್ರದಲ್ಲೂ ಫೇಲು.

ಆಮೇಲೆ ಗೊತ್ತಾಗಿದ್ದು, ಅದು ನಿಜವಾದ ಪರದೆಯ ಚಿತ್ರವೇ ಆಗಿರಲಿಲ್ಲ! ಅದಕ್ಕಿಂತ ಮುಖ್ಯ ಸಂಗತಿ ಅಮೆರಿಕದ ದೂರಸಂಪರ್ಕ ಆಯೋಗದ ಪ್ರಾಥಮಿಕ ವರದಿಯಲ್ಲಿತ್ತು. ಅಣಕು ಕಾರ್ಯಾಚರಣೆಗಾಗಿ ಫೋನಿನಲ್ಲಿ ಕೇಳಿಸಿದ ಧ್ವನಿಮುದ್ರಿಕೆಯಲ್ಲಿ ‘ಇದು ಅಭ್ಯಾಸ’ ಎಂಬ ಮಾತೂ ಇತ್ತು, ‘ಇದು ಅಣಕು ಅಲ್ಲ’ ಎಂಬ ಮಾತೂ ಇತ್ತು. ಎರಡನೆಯದಷ್ಟೇ ತನ್ನ ಕಿವಿಗೆ ಬಿತ್ತು, ದಾಳಿ ನಿಜವೆಂದೇ ನಂಬಿದೆ ಎಂದು ಆ ನೌಕರ ಹೇಳಿಕೆ ಕೊಟ್ಟಿದ್ದ. ಎಚ್ಚರಿಕೆಯನ್ನು ಕಳುಹಿಸುವುದು ಖಚಿತವೇ ಎಂದು ಕಂಪ್ಯೂಟರ್ ಕೇಳಿತ್ತು. ಹೌದು ಎಂದು ಒತ್ತಿದ. ಖಚಿತವಾಗಿದ್ದವನನ್ನು ಖಚಿತವೇ ಎಂದು ಕೇಳಿದರೆ ಇನ್ನೇನು ಹೇಳಿಯಾನು?

ನನ್ನ ತಕರಾರು ಈ ಪ್ರಶ್ನೆಯ ಮೇಲೆಯೇ. ಬಳಸುವವನಿಗೆ ಅದು ಹೊಸದೇನನ್ನೂ ಹೇಳುವುದಿಲ್ಲ. ನಾಳೆ ಎಡವಟ್ಟಾದರೆ ‘ನಾವು ಕೇಳಿದ್ದೆವಲ್ಲ’ ಎನ್ನಲು ತಂತ್ರಾಂಶ ಮಾಡಿದವರಿಗೆ ನೆಪವಾಗುತ್ತದೆ, ಅಷ್ಟೆ. ಹವಾಯಿಯಲ್ಲಿ ನಿಜಕ್ಕೂ ಇಲ್ಲದಿದ್ದದ್ದು ಹಿಂದಿರುಗುವ ದಾರಿ. ಎಚ್ಚರಿಕೆಯ ಮರುಪ್ರಸಾರವನ್ನು ಕೆಲವೇ ನಿಮಿಷಗಳಲ್ಲಿ ನಿಲ್ಲಿಸಿದರು. ಆದರೆ ‘ಅದು ಸುಳ್ಳು’ ಎನ್ನುವ ಸಿದ್ಧ ಸಂದೇಶವೇ ವ್ಯವಸ್ಥೆಯಲ್ಲಿರಲಿಲ್ಲ. ಅದನ್ನು ಹೊಸದಾಗಿ ಬರೆದು ಕಳುಹಿಸಬೇಕಾಯಿತು. (ವಿಷಯ ಎರಡೇ ನಿಮಿಷದಲ್ಲಿ ತಿಳಿದಿದ್ದ ರಾಜ್ಯಪಾಲರಿಗೆ ತಮ್ಮ ಟ್ವಿಟರ್ ಪಾಸ್‌ವರ್ಡ್ ಗೊತ್ತಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡರು.) ಘಟನೆಯ ನಂತರ ಸಿದ್ಧ ಸಂದೇಶ ಬಂತು, ಇಬ್ಬರು ಒಪ್ಪಿದರಷ್ಟೇ ಎಚ್ಚರಿಕೆ ಹೋಗಬೇಕೆಂಬ ನಿಯಮವೂ ಬಂತು.

ಸೂತ್ರಗಳು ಕೆಲಸಕ್ಕೆ ಬಾರವು ಎಂದಲ್ಲ. ಒಬ್ಬನೇ ಪರಿಶೀಲಕ ಸರಾಸರಿ ಶೇ 35ರಷ್ಟು ದೋಷಗಳನ್ನಷ್ಟೇ ಹಿಡಿಯುತ್ತಾನೆ, ಮೂರರಿಂದ ಐದು ಮಂದಿ ಬೇರೆಬೇರೆಯಾಗಿ ನೋಡಬೇಕು ಎಂದು ನೀಲ್ಸನ್ ಅವರೇ ಹೇಳಿದ್ದರು. ಆದರೆ ಐವರೂ ಪರದೆಯನ್ನೇ ದಿಟ್ಟಿಸಿದರೆ, ಪಕ್ಕದ ಫೋನಿನಲ್ಲಿ ಕೇಳಿಬಂದ ಮಾತು ಯಾರ ಪಟ್ಟಿಗೂ ಬರುವುದಿಲ್ಲ.

ನಮ್ಮಲ್ಲೇ ನೋಡಿ. ಬ್ಯಾಂಕಿನ ಆ್ಯಪ್‌ನಲ್ಲಿ ನೆಫ್ಟ್ ಮಾಡುವಾಗ ಖಾತೆ ಸಂಖ್ಯೆಯನ್ನು ಎರಡು ಸಲ ಟೈಪ್ ಮಾಡಿಸುವುದು ಹಳೆಯ ಪದ್ಧತಿ. ಚೀಟಿಯಲ್ಲಿ ಬರೆದಿದ್ದ ಸಂಖ್ಯೆಯೇ ತಪ್ಪಾಗಿದ್ದರೆ ತಪ್ಪನ್ನೇ ಎರಡು ಸಲ ಒತ್ತಿದಂತೆ. ಯುಪಿಐ ಬಂದ ಮೇಲೆ ಪಿನ್ ಒತ್ತುವ ಮೊದಲೇ ಹಣ ಪಡೆಯುವವರ ಹೆಸರು ಕಾಣತೊಡಗಿತು. ‘ಅರೆ, ಇದು ನಮ್ಮ ತರಕಾರಿಯವನಲ್ಲ’ ಎಂದು ಕೈ ತಡೆಯುತ್ತದೆ. ತನಗೆ ಗೊತ್ತಿಲ್ಲದ್ದನ್ನು ತೋರಿಸಿದರೆ ಮಾತ್ರ ಮನುಷ್ಯ ನಿಲ್ಲುತ್ತಾನೆ. ಜಿಮೇಲ್ ಇನ್ನೊಂದು ದಾರಿ ಹಿಡಿಯಿತು: ಏನನ್ನೂ ಕೇಳದೆ ಪತ್ರವನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಂಡು, ಬೇಡವೆಂದರೆ ಮರಳಿ ಕೊಡುತ್ತದೆ.

ಸರ್ಕಾರಿ ಅರ್ಜಿಗಳ ಜಾಲತಾಣಗಳಲ್ಲಿ ಇವೆರಡೂ ಅಪರೂಪ. ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ತುಂಬುವವರು ಆಪರೇಟರ್. ಅರ್ಜಿದಾರರು ಮೇಜಿನ ಆಚೆ ಕುಳಿತಿರುತ್ತಾರೆ. ಪರದೆ ಕೇಳುವ ‘ಖಚಿತವೇ?’ಗೆ ಉತ್ತರಿಸುವುದು ಆಪರೇಟರ್. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಗುರುತಿಸಬಲ್ಲವರಿಗೆ ಪರದೆಯೇ ಕಾಣುವುದಿಲ್ಲ. ಸಲ್ಲಿಸಿದ ಮೇಲೆ ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ಓಡಾಟ. ಬೆಂಗಳೂರಿನ ಕಚೇರಿಯಲ್ಲಿ ಒಬ್ಬರೇ ಕುಳಿತು ಹತ್ತು ಸೂತ್ರಕ್ಕೆ ಟಿಕ್ ಹಾಕಿದರೆ ಈ ಪರದೆ ಪಾಸಾಗಿಬಿಡಬಹುದು.

ತುಂಬಿದ ವಿವರವನ್ನೆಲ್ಲ ಅರ್ಜಿದಾರರ ಮೊಬೈಲಿಗೆ ಕನ್ನಡದಲ್ಲಿ ಕಳುಹಿಸಿ, ಒಂದು ದಿನ ತಿದ್ದಲು ಬಿಡುವುದು ತಾಂತ್ರಿಕವಾಗಿ ದೊಡ್ಡ ಮಾತೇನಲ್ಲ. ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗಲೇ, ಸಲ್ಲಿಸಿದ ತಪ್ಪನ್ನು ಸರಿಪಡಿಸಲು ಅರ್ಜಿದಾರರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಒಂದು ಷರತ್ತಾಗಿ ಬರೆಯಬಹುದು. ಅದನ್ನು ಅಳೆಯಬೇಕಾದದ್ದು ಆ ಮೇಜಿನ ಆಚೆ ಬದಿಯಲ್ಲಿ ಕುಳಿತು.